ಕಾಕ್ಸ್-1 ಮತ್ತು ಕಾಕ್ಸ್-2: ನೋವಿನ ಮಾತ್ರೆಯಿಂದ ಕ್ಯಾನ್ಸರ್ ತಡೆಯವರೆಗೆ ಯಾವುದನ್ನು, ಯಾರಿಗೆ, ಎಷ್ಟು ದಿನ

ಮಂಡಿನೋವಿಗೆ ಡೈಕ್ಲೊಫೆನಾಕ್, ಹಲ್ಲುನೋವಿಗೆ ಐಬುಪ್ರೊಫೆನ್, ಹೃದಯಕ್ಕೆಂದು ದಿನಕ್ಕೊಂದು ಸಣ್ಣ ಆಸ್ಪಿರಿನ್, ಹೊಟ್ಟೆ ತಡೆಯದವರಿಗೆ ಸೆಲಿಕಾಕ್ಸಿಬ್. ಮಾತ್ರೆ ನಾಲ್ಕಾದರೂ ಇವು ಹಿಡಿದು ನಿಲ್ಲಿಸುವುದು ಎರಡೇ ಕಿಣ್ವಗಳನ್ನು: ಸೈಕ್ಲೊಆಕ್ಸಿಜನೇಸ್-1 ಮತ್ತು ಸೈಕ್ಲೊಆಕ್ಸಿಜನೇಸ್-2, ಚುಟುಕಾಗಿ ಕಾಕ್ಸ್-1, ಕಾಕ್ಸ್-2. ಇದೇ ಎರಡು ಕಿಣ್ವಗಳು ದೊಡ್ಡ ಕರುಳಿನ ಕ್ಯಾನ್ಸರ್ ಬೆಳೆಯುವುದರಲ್ಲೂ, ಅದನ್ನು ತಡೆಯುವ ಪ್ರಯತ್ನಗಳಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಕಾಕ್ಸ್-1 ದೇಹ ಕಾಯುವ ಒಳ್ಳೆಯ ಕಿಣ್ವ, ಕಾಕ್ಸ್-2 ಉರಿಯೂತ ತರುವ ಕೆಟ್ಟ ಕಿಣ್ವ, ಎರಡನೆಯದನ್ನು ಮಾತ್ರ ತಡೆದರೆ ಎಲ್ಲ ಸರಿಹೋಗುತ್ತದೆ ಎಂಬ ಪಾಠ ಇನ್ನೂ ಓಡಾಡುತ್ತಿದೆ. ಅದನ್ನೇ ನಂಬಿ ಮಾತ್ರೆ ಆರಿಸಿದರೆ ಹೊಟ್ಟೆ ಉಳಿದು ಹೃದಯಕ್ಕೆ ಪೆಟ್ಟು ಬೀಳಬಹುದು. ಆಯ್ಕೆ ನಿಲ್ಲಬೇಕಾದದ್ದು ಮಾತ್ರೆ ತಿನ್ನುವವರ ಹೊಟ್ಟೆ, ಹೃದಯ, ಮೂತ್ರಪಿಂಡ ಈ ಮೂರು ಹೇಗಿವೆ ಎಂಬುದರ ಮೇಲೆ. ಕ್ಯಾನ್ಸರ್ ತಡೆಯ ಮಾತು ಬಂದಾಗ ಇವುಗಳ ಜೊತೆಗೆ ಜೀನ್ ಪರೀಕ್ಷೆಯ ವರದಿಯೂ ಬೇಕು.

ಎರಡೂ ಮಾಡುವ ಕೆಲಸ ಒಂದೇ, ಮಾಡುವ ಜಾಗ ಬೇರೆ

ಜೀವಕೋಶದ ಪೊರೆಯಿಂದ ಬಿಡುಗಡೆಯಾಗುವ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲವನ್ನು ಎರಡೂ ಕಿಣ್ವಗಳು ಪ್ರೊಸ್ಟಗ್ಲಾಂಡಿನ್ ಎಚ್2 ಆಗಿ ಬದಲಿಸುತ್ತವೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ಅದರಿಂದ ಮುಂದೆ ಏನಾಗಬೇಕೆಂಬುದನ್ನು ಆಯಾ ಅಂಗಾಂಶದಲ್ಲಿರುವ ಬೇರೆ ಕಿಣ್ವಗಳು ತೀರ್ಮಾನಿಸುತ್ತವೆ. ಪ್ಲೇಟ್‌ಲೆಟ್‌ನಲ್ಲಿ ಅದು ರಕ್ತ ಹೆಪ್ಪುಗಟ್ಟಿಸುವ ಥ್ರೊಂಬಾಕ್ಸೇನ್ ಎ2 ಆಗುತ್ತದೆ. ರಕ್ತನಾಳದ ಒಳಪದರದಲ್ಲಿ ಅದಕ್ಕೆ ನೇರ ವಿರುದ್ಧವಾಗಿ ವರ್ತಿಸುವ ಪ್ರೊಸ್ಟಸೈಕ್ಲಿನ್ ಆಗುತ್ತದೆ. ಜಠರದಲ್ಲಿ, ಊದಿದ ಕೀಲಿನಲ್ಲಿ, ಗೆಡ್ಡೆಯಲ್ಲಿ ಹೆಚ್ಚಾಗಿ ಪ್ರೊಸ್ಟಗ್ಲಾಂಡಿನ್ ಇ2 ಆಗುತ್ತದೆ. ಜಠರದ ಲೋಳೆ ಕಾಯುವ ಇ2 ಮತ್ತು ಕರುಳಿನ ಗೆಡ್ಡೆ ಬೆಳೆಸುವ ಇ2 ಒಂದೇ ಅಣು. ಮುಂದಿನ ತೊಡಕುಗಳಲ್ಲಿ ಬಹುಪಾಲು ಇಲ್ಲಿಂದಲೇ ಶುರುವಾಗುತ್ತವೆ.

ಕಾಕ್ಸ್-1ರ ಜೀನ್ 9ನೇ ಕ್ರೋಮೊಸೋಮಿನಲ್ಲಿದೆ, ಕಾಕ್ಸ್-2ರದ್ದು 1ನೇ ಕ್ರೋಮೊಸೋಮಿನಲ್ಲಿ. ಅಮೈನೊ ಆಮ್ಲಗಳ ಸಾಲಿನಲ್ಲಿ ಸುಮಾರು 60 ಪ್ರತಿಶತ ಹೋಲಿಕೆ. ಕಾಕ್ಸ್-1 ಹೆಚ್ಚಿನ ಅಂಗಾಂಶಗಳಲ್ಲಿ ಸದಾ ಇರುತ್ತದೆ. ಕಾಕ್ಸ್-2 ಬಹುತೇಕ ಕಡೆ ಗಾಯ, ಸೋಂಕು, ಉರಿಯೂತದ ಸಂಕೇತ ಬಂದ ಕೆಲವೇ ಗಂಟೆಗಳಲ್ಲಿ ತಯಾರಾಗುತ್ತದೆ. ಆದರೆ ಮೂತ್ರಪಿಂಡ ಮತ್ತು ಮೆದುಳಿನಲ್ಲಿ ಕಾಕ್ಸ್-2 ಕೂಡ ಸದಾ ಕೆಲಸದಲ್ಲಿರುತ್ತದೆ. ಸರಳ ಪಾಠ ಮುರಿದುಬೀಳುವ ಮೊದಲ ಜಾಗ ಇದು.

ಎರಡರ ನಡುವೆ ಔಷಧಿಗೆ ಮುಖ್ಯವಾದ ವ್ಯತ್ಯಾಸ ಮಾತ್ರ ಬಹಳ ಸಣ್ಣದು. ಅರಾಕಿಡೋನಿಕ್ ಆಮ್ಲ ಒಳಹೋಗುವ ಕಾಲುವೆಯಲ್ಲಿ 523ನೇ ಸ್ಥಾನದಲ್ಲಿ ಕಾಕ್ಸ್-1ಕ್ಕೆ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲ ಇದೆ, ಕಾಕ್ಸ್-2ಕ್ಕೆ ಅದಕ್ಕಿಂತ ಒಂದೇ ಇಂಗಾಲದಷ್ಟು ಚಿಕ್ಕದಾದ ವ್ಯಾಲಿನ್. ಆ ಚಿಕ್ಕ ಗುಂಪಿನಿಂದಾಗಿ ಕಾಕ್ಸ್-2ರ ಕಾಲುವೆಗೆ ಪಕ್ಕದಲ್ಲೊಂದು ಜೇಬು ತೆರೆದುಕೊಳ್ಳುತ್ತದೆ. ಸೆಲಿಕಾಕ್ಸಿಬ್‌ನ ಸಲ್ಫೊನಮೈಡ್ ಭಾಗ ಆ ಜೇಬಿನೊಳಗೆ ಕೂರುತ್ತದೆ. ಕಾಕ್ಸ್-1ರಲ್ಲಿ ಅದಕ್ಕೆ ಜಾಗವಿಲ್ಲ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಚಿಕ್ಕ ಅಣುಗಳು, ಎರಡೂ ಕಾಲುವೆಗಳಿಗೆ ನುಗ್ಗುತ್ತವೆ. ಡೈಕ್ಲೊಫೆನಾಕ್ ಹಳೆಯ ಮಾತ್ರೆಗಳ ಗುಂಪಿನಲ್ಲಿದ್ದರೂ ಪ್ರಯೋಗಾಲಯದ ಅಳತೆಯಲ್ಲಿ ಕಾಕ್ಸ್-2ರತ್ತ ಅದರ ಒಲವು ಸೆಲಿಕಾಕ್ಸಿಬ್‌ನ ಹತ್ತಿರ ಹತ್ತಿರ ಇದೆ. ಹಾಗಾಗಿ ಅದನ್ನು ಐಬುಪ್ರೊಫೆನ್ ಜೊತೆಗಿಟ್ಟು ನೋಡುವುದಕ್ಕಿಂತ ಸೆಲಿಕಾಕ್ಸಿಬ್ ಜೊತೆಗಿಟ್ಟು ನೋಡುವುದೇ ಸರಿ.

ಹೊಟ್ಟೆ ಉಳಿಸಲು ಹೋಗಿ ಹೃದಯಕ್ಕೆ ಬಂದ ಕುತ್ತು

ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಈ ಕ್ಷೇತ್ರದ ಕೆಲಸಕ್ಕೆ 1982ರಲ್ಲಿ ಅವರಿಗೂ ಬರ್ಗ್‌ಸ್ಟ್ರೋಮ್, ಸ್ಯಾಮ್ಯುಯೆಲ್‌ಸನ್ ಇಬ್ಬರಿಗೂ ನೊಬೆಲ್ ಬಂತು. ಕಾಕ್ಸ್-2 ಬೇರೆಯೇ ಜೀನ್ ಎಂದು ಗೊತ್ತಾದದ್ದು 1991ರ ಸುಮಾರಿಗೆ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ ಕಾಕ್ಸ್-2ನ್ನಷ್ಟೇ ಗುರಿಯಿಟ್ಟು ತಡೆಯುವ ಸೆಲಿಕಾಕ್ಸಿಬ್, ರೊಫೆಕಾಕ್ಸಿಬ್ ಅಂಗಡಿಗೆ ಬಂದವು.

2000ದಲ್ಲಿ ಪ್ರಕಟವಾದ ವಿಗರ್ ಅಧ್ಯಯನದಲ್ಲಿ ಸಂಧಿವಾತದ 8,000ಕ್ಕೂ ಹೆಚ್ಚು ರೋಗಿಗಳಿಗೆ ರೊಫೆಕಾಕ್ಸಿಬ್ 50 ಮಿ.ಗ್ರಾಂ ದಿನಕ್ಕೊಮ್ಮೆ ಅಥವಾ ನ್ಯಾಪ್ರೊಕ್ಸೆನ್ 500 ಮಿ.ಗ್ರಾಂ ದಿನಕ್ಕೆರಡು ಬಾರಿ ಕೊಟ್ಟು ನೋಡಿದರು. ರೊಫೆಕಾಕ್ಸಿಬ್ ಗುಂಪಿನಲ್ಲಿ ಹೊಟ್ಟೆಯ ತೊಂದರೆ ಕಡಿಮೆಯಾಯಿತು. ಆದರೆ ಹೃದಯಾಘಾತ 0.4 ಪ್ರತಿಶತ, ನ್ಯಾಪ್ರೊಕ್ಸೆನ್ ಗುಂಪಿನಲ್ಲಿ 0.1. ಆಗ ಅದಕ್ಕೆ ನ್ಯಾಪ್ರೊಕ್ಸೆನ್ ಹೃದಯ ಕಾಯುತ್ತದೆ ಎಂಬ ಸಮಜಾಯಿಷಿ ಕೊಡಲಾಯಿತು. ನಂತರ ಕರುಳಿನ ಪಾಲಿಪ್, ಅಂದರೆ ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟು, ಮರುಕಳಿಸದಂತೆ ತಡೆಯಲು ರೊಫೆಕಾಕ್ಸಿಬ್ ಕೊಟ್ಟು ನಡೆಸಿದ ಅಪ್ರೂವ್ ಅಧ್ಯಯನದಲ್ಲಿ ಹೋಲಿಕೆಗೆ ಇದ್ದದ್ದು ಔಷಧಿಯಿಲ್ಲದ ಪ್ಲಸೀಬೊ ಮಾತ್ರೆ. ಅಲ್ಲೂ ಹೃದಯಾಘಾತ, ಪಾರ್ಶ್ವವಾಯು ಸುಮಾರು ಎರಡು ಪಟ್ಟಾದವು. ಸಮಜಾಯಿಷಿ ನಿಲ್ಲಲಿಲ್ಲ, 2004ರ ಸೆಪ್ಟೆಂಬರ್ 30ರಂದು ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಕ್ಯಾನ್ಸರ್ ತಡೆಯಲು ಹೊರಟ ಅಧ್ಯಯನವೇ ಹೃದಯದ ಅಪಾಯವನ್ನು ಬಯಲಿಗೆಳೆದದ್ದು ಇಲ್ಲಿ ಗಮನಿಸಬೇಕಾದ ಸಂಗತಿ.

ಕಾರಣ ಮೇಲೆ ಹೇಳಿದ ಜೋಡಿಯಲ್ಲೇ ಇದೆ. ರಕ್ತ ಹೆಪ್ಪುಗಟ್ಟಿಸುವ ಥ್ರೊಂಬಾಕ್ಸೇನ್ ಬರುವುದು ಪ್ಲೇಟ್‌ಲೆಟ್‌ನ ಕಾಕ್ಸ್-1ರಿಂದ. ಅದಕ್ಕೆ ಕಡಿವಾಣ ಹಾಕುವ ಪ್ರೊಸ್ಟಸೈಕ್ಲಿನ್ ಬಹುಪಾಲು ಬರುವುದು ರಕ್ತನಾಳದ ಕಾಕ್ಸ್-2ರಿಂದ. ಕಾಕ್ಸ್-2 ಒಂದನ್ನೇ ನಿಲ್ಲಿಸಿದಾಗ ಕಡಿವಾಣ ಕಳಚುತ್ತದೆ, ಹೆಪ್ಪುಗಟ್ಟಿಸುವ ಕಡೆ ಮಾತ್ರ ಹಾಗೆಯೇ ಉಳಿಯುತ್ತದೆ. ಜೊತೆಗೆ ಮೂತ್ರಪಿಂಡ ಉಪ್ಪು, ನೀರು ಹಿಡಿದಿಟ್ಟುಕೊಂಡು ಬಿಪಿ ಏರುತ್ತದೆ.

ಹಾಗೆಂದು ಕಾಕ್ಸ್-2 ಮಾತ್ರೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. 2016ರ ಪ್ರಿಸಿಷನ್ ಅಧ್ಯಯನದಲ್ಲಿ ಹೃದಯದ ಅಪಾಯ ಹೆಚ್ಚಿದ್ದ 24,081 ಸಂಧಿವಾತ ರೋಗಿಗಳಲ್ಲಿ ದಿನಕ್ಕೆ ಸರಾಸರಿ 209 ಮಿ.ಗ್ರಾಂ ಸೆಲಿಕಾಕ್ಸಿಬ್, ಐಬುಪ್ರೊಫೆನ್‌ಗಿಂತ ಅಥವಾ ನ್ಯಾಪ್ರೊಕ್ಸೆನ್‌ಗಿಂತ ಹೃದಯಕ್ಕೆ ಕೆಟ್ಟದ್ದಾಗಿ ಕಾಣಲಿಲ್ಲ. ಅದೇ ಸೆಲಿಕಾಕ್ಸಿಬ್ ದಿನಕ್ಕೆ 400, 800 ಮಿ.ಗ್ರಾಂ ಆದಾಗ ಚಿತ್ರವೇ ಬೇರೆ. ಕ್ಯಾನ್ಸರ್ ಭಾಗದಲ್ಲಿ ಅದು ಬರುತ್ತದೆ. ಇಲ್ಲಿ ಪ್ರಮಾಣವನ್ನು ಬಿಟ್ಟು ಮಾತ್ರೆಯ ಹೆಸರನ್ನಷ್ಟೇ ಹೋಲಿಸಿದರೆ ತೀರ್ಮಾನ ತಪ್ಪುತ್ತದೆ.

ನೋವಿಗೆ ಮಾತ್ರೆ ಆರಿಸುವಾಗ

ಮೊದಲು ಕೇಳಬೇಕಾದ ಪ್ರಶ್ನೆ: ಉರಿಯೂತ ಇದೆಯೇ, ಇಲ್ಲವೇ? ಊತ, ಬಿಸಿ, ಬೆಳಗ್ಗೆ ಬಿಗಿತ ಇಲ್ಲದ ಬರೀ ನೋವಿಗೆ, ಜ್ವರಕ್ಕೆ ಪ್ಯಾರಸಿಟಮಾಲ್ ಸಾಕಾಗಬಹುದು. ಅದು ಜಠರದ ಕಾಕ್ಸ್-1ರ ಮೇಲೆ ಬಹಳ ಕಡಿಮೆ ಕೈಯಾಡಿಸುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಮಿತಿ ದಿನಕ್ಕೆ 4 ಗ್ರಾಂ; ಯಕೃತ್ತಿನ ಕಾಯಿಲೆ, ಮದ್ಯಪಾನ, ತೀರಾ ಕಡಿಮೆ ದೇಹತೂಕ ಇದ್ದರೆ ಇನ್ನೂ ಕಡಿಮೆ. ನೆಗಡಿಯ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ, ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲೇ.

ಉರಿಯೂತ ಇದೆ ಎಂದಾದರೆ ಮೂರು ಅಂಗಗಳನ್ನು ಒಂದೊಂದಾಗಿ ನೋಡಬೇಕು.

ಹೊಟ್ಟೆ. 65 ದಾಟಿದವರು, ಹಿಂದೆ ಹುಣ್ಣಾಗಿದ್ದವರು, ಸ್ಟೀರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ, ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆ ಮಾತ್ರೆ ಅಥವಾ ಸಣ್ಣ ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. 2013ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಪ್ಲಸೀಬೊಗೆ ಹೋಲಿಸಿದರೆ ರಕ್ತಸ್ರಾವದಂಥ ತೀವ್ರ ಜಠರ ತೊಂದರೆ ಕಾಕ್ಸ್-2 ಮಾತ್ರೆಗಳಲ್ಲಿ ಸುಮಾರು 1.8 ಪಟ್ಟು, ಡೈಕ್ಲೊಫೆನಾಕ್‌ನಲ್ಲಿ 1.9 ಪಟ್ಟು, ಹೆಚ್ಚು ಪ್ರಮಾಣದ ಐಬುಪ್ರೊಫೆನ್ ಮತ್ತು ನ್ಯಾಪ್ರೊಕ್ಸೆನ್‌ನಲ್ಲಿ ಸುಮಾರು 4 ಪಟ್ಟು. ಅಪಾಯದ ಗುಂಪಿನವರು ಯಾವುದನ್ನೇ ತೆಗೆದುಕೊಂಡರೂ ಜೊತೆಗೆ ಒಮೆಪ್ರಜೋಲ್ 20 ಮಿ.ಗ್ರಾಂನಂಥ ಆಮ್ಲ ತಗ್ಗಿಸುವ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವುದು ರೂಢಿ. ಊಟದ ನಂತರ ತೆಗೆದುಕೊಂಡರೆ ಅದರ ಪರಿಣಾಮ ಕುಗ್ಗುತ್ತದೆ. ಇದು ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗವನ್ನು ಮಾತ್ರ ಕಾಯುತ್ತದೆ. ಅದರ ಕೆಳಗಿನ ಕರುಳಿನಲ್ಲಿ ಆಗುವ ಹುಣ್ಣು, ರಕ್ತಸ್ರಾವಕ್ಕೆ ಇದರಿಂದ ರಕ್ಷಣೆಯಿಲ್ಲ. ಹಿಂದೆ ಹುಣ್ಣಾಗಿದ್ದವರು ಹುಣ್ಣು ತರುವ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ, ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಪಡೆಯುವುದು ಒಳ್ಳೆಯದು.

ಹೃದಯ. ಅದೇ ಒಟ್ಟು ಲೆಕ್ಕದಲ್ಲಿ ಕಾಕ್ಸ್-2 ಮಾತ್ರೆಗಳು ಮತ್ತು ಹೆಚ್ಚು ಪ್ರಮಾಣದ ಡೈಕ್ಲೊಫೆನಾಕ್ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವನ್ನು ಸುಮಾರು ಮೂರನೇ ಒಂದರಷ್ಟು ಏರಿಸಿದವು. 1,000 ಜನ ಒಂದು ವರ್ಷ ತೆಗೆದುಕೊಂಡರೆ ಸುಮಾರು 3 ಜನಕ್ಕೆ ಹೆಚ್ಚುವರಿ ಘಟನೆ, ಅದರಲ್ಲೊಂದು ಪ್ರಾಣಾಂತಿಕ. ನ್ಯಾಪ್ರೊಕ್ಸೆನ್‌ನಲ್ಲಿ ಆ ಏರಿಕೆ ಕಾಣಲಿಲ್ಲ, ಏಕೆಂದರೆ ಅದು 12 ಗಂಟೆಗೊಮ್ಮೆ ಸರಿಯಾಗಿ ತೆಗೆದುಕೊಂಡರೆ ಪ್ಲೇಟ್‌ಲೆಟ್‌ನ ಕಾಕ್ಸ್-1ನ್ನೂ ಹೆಚ್ಚುಕಡಿಮೆ ಇಡೀ ದಿನ ತಡೆದಿಡುತ್ತದೆ. ಆದರೆ ಹೃದಯ ವೈಫಲ್ಯದ ಅಪಾಯವನ್ನು ಎಲ್ಲವೂ ಏರಿಸಿದವು, ನ್ಯಾಪ್ರೊಕ್ಸೆನ್ ಕೂಡ. ಇನ್ನೊಂದು ಕಾಕ್ಸ್-2 ಮಾತ್ರೆ ಎಟೊರಿಕಾಕ್ಸಿಬ್ ಬಿಪಿಯನ್ನು ಉಳಿದವುಗಳಿಗಿಂತ ಹೆಚ್ಚು ಏರಿಸುತ್ತದೆ. ಬಿಪಿ 140/90ಕ್ಕಿಂತ ಮೇಲಿದ್ದು ಹತೋಟಿಗೆ ಬಂದಿಲ್ಲದಿದ್ದರೆ ಅದನ್ನು ಶುರುಮಾಡುವಂತಿಲ್ಲ. ಅದರ 120 ಮಿ.ಗ್ರಾಂ ಮಾತ್ರೆ ಗೌಟ್‌ನ ತೀವ್ರ ನೋವಿಗೆ ಮಾತ್ರ, ಹೆಚ್ಚೆಂದರೆ 8 ದಿನ. ಅದನ್ನೇ ತಿಂಗಳುಗಟ್ಟಲೆ ಬೆನ್ನುನೋವಿಗೆ ನುಂಗುವವರಿದ್ದಾರೆ. ಇದು ನಿಜಕ್ಕೂ ಆತಂಕದ ವಿಷಯ.

ಮೂತ್ರಪಿಂಡ. ಇಲ್ಲಿ ಆಯ್ಕೆಯೇ ಇಲ್ಲ. ಮೂತ್ರಪಿಂಡದಲ್ಲಿ ಎರಡೂ ಕಿಣ್ವಗಳು ಸದಾ ಇರುವುದರಿಂದ ಯಾವ ಮಾತ್ರೆಯೂ ಅದಕ್ಕೆ ಸುರಕ್ಷಿತವಲ್ಲ. ಹೊಟ್ಟೆಗೆ ಹಗುರವಾದದ್ದು ಮೂತ್ರಪಿಂಡಕ್ಕೂ ಹಗುರ ಎಂಬ ನಂಬಿಕೆ ಬಹಳ ಜನರನ್ನು ತೊಂದರೆಗೆ ಸಿಕ್ಕಿಸಿದೆ. ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ 30ಕ್ಕಿಂತ ಕಡಿಮೆಯಿದ್ದರೆ ಈ ಗುಂಪಿನ ಯಾವ ಮಾತ್ರೆಯೂ ಬೇಡ. ಬಿಪಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥದ್ದೂ, ಮೂತ್ರ ಹೆಚ್ಚಿಸುವ ಮಾತ್ರೆಯೂ ನಡೆಯುತ್ತಿರುವಾಗ ಇವು ಸೇರಿಕೊಂಡರೆ ಮೂರೂ ಒಟ್ಟಾಗಿ ಮೂತ್ರಪಿಂಡದ ಒಳಗಿನ ರಕ್ತದ ಒತ್ತಡವನ್ನು ಕುಸಿಸುತ್ತವೆ. ವಾಂತಿ, ಭೇದಿ, ನೀರು ಕುಡಿಯಲಾಗದ ಜ್ವರ ಇರುವ ದಿನ ನೋವಿನ ಮಾತ್ರೆಯನ್ನು ಬಿಡಬೇಕು. ಅಪಾಯವಿರುವವರಲ್ಲಿ ಶುರುಮಾಡಿ ಒಂದೆರಡು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ, ಬಿಪಿ ಒಮ್ಮೆ ನೋಡಿಸಬೇಕು.

ಈಗ ಮೂರನ್ನೂ ಕೂಡಿಸಿ ನೋಡೋಣ. ಮೂರೂ ಚೆನ್ನಾಗಿದ್ದು ಒಂದೆರಡು ದಿನದ ನೋವಾದರೆ ಐಬುಪ್ರೊಫೆನ್ 200ರಿಂದ 400 ಮಿ.ಗ್ರಾಂ, ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಾಗ ದಿನಕ್ಕೆ 1,200 ಮಿ.ಗ್ರಾಂ ಮೀರದಂತೆ. ಹೊಟ್ಟೆ ಸೂಕ್ಷ್ಮ, ಹೃದಯ ಚೆನ್ನಾಗಿದೆ ಎಂದಾದರೆ ಸೆಲಿಕಾಕ್ಸಿಬ್ 100 ಮಿ.ಗ್ರಾಂ ದಿನಕ್ಕೆರಡು ಅಥವಾ 200 ಒಮ್ಮೆ. ಹೃದಯ ಸೂಕ್ಷ್ಮ, ಹೊಟ್ಟೆ ಚೆನ್ನಾಗಿದೆ ಎಂದಾದರೆ ನ್ಯಾಪ್ರೊಕ್ಸೆನ್ 250ರಿಂದ 500 ದಿನಕ್ಕೆರಡು, ಆಮ್ಲ ತಗ್ಗಿಸುವ ಮಾತ್ರೆಯೊಂದಿಗೆ. ಎರಡೂ ಸೂಕ್ಷ್ಮವಾಗಿದ್ದರೆ ಮೊದಲ ಆಯ್ಕೆ ಇವು ಯಾವುದೂ ಅಲ್ಲದೆ ಪ್ಯಾರಸಿಟಮಾಲ್, ನೋವಿರುವ ಕೀಲಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್, ವ್ಯಾಯಾಮ ಚಿಕಿತ್ಸೆ. ಹಚ್ಚುವ ಜೆಲ್‌ನಿಂದ ರಕ್ತಕ್ಕೆ ಸೇರುವ ಔಷಧಿ ಮಾತ್ರೆಗಿಂತ ಬಹಳ ಕಡಿಮೆ. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದು ಹಿಂದೆ ಜಠರದ ರಕ್ತಸ್ರಾವವಾಗಿದ್ದ 514 ರೋಗಿಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಪಯುಕ್ತ: ಆಮ್ಲ ತಗ್ಗಿಸುವ ಮಾತ್ರೆ ಎರಡೂ ಗುಂಪಿಗೆ ಕೊಟ್ಟಿದ್ದರೂ 18 ತಿಂಗಳಲ್ಲಿ ರಕ್ತಸ್ರಾವ ಮರುಕಳಿಸಿದ್ದು ಸೆಲಿಕಾಕ್ಸಿಬ್‌ನಲ್ಲಿ 5.6, ನ್ಯಾಪ್ರೊಕ್ಸೆನ್‌ನಲ್ಲಿ 12.3 ಪ್ರತಿಶತ. ಬೇರೆ ದಾರಿಯೇ ಇಲ್ಲದಾಗ ಸೆಲಿಕಾಕ್ಸಿಬ್ ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ ಎಂಬುದು ಇದರಿಂದ ಬಂದ ಪಾಠ.

ನೋವಿಗೆಂದು ಈ ಗುಂಪಿನ ಎರಡು ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬಾರದು. ನೋವು ಎರಡು ಪಟ್ಟು ಇಳಿಯುವುದಿಲ್ಲ, ಅಪಾಯ ಮಾತ್ರ ಕೂಡುತ್ತದೆ. ಗರ್ಭಿಣಿಯರಿಗೆ 20ನೇ ವಾರದಿಂದ ಇವು ಬೇಡ, ಮಗುವಿನ ಮೂತ್ರಪಿಂಡಕ್ಕೆ ಹೊಡೆತ ಬಿದ್ದು ಗರ್ಭದ ನೀರು ಕಡಿಮೆಯಾಗಬಹುದು. ವೈದ್ಯರೇ ಬರೆದುಕೊಟ್ಟ ಸಣ್ಣ ಆಸ್ಪಿರಿನ್ ಮಾತ್ರ ಇದಕ್ಕೆ ಹೊರತು. ಜ್ವರವಿರುವ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಆಸ್ಪಿರಿನ್ ನುಂಗಿದರೆ ಉಬ್ಬಸ ಕೆರಳುವವರಲ್ಲಿ ಕಾರಣ ಕಾಕ್ಸ್-1ರ ತಡೆ, ಹಾಗಾಗಿ ಐಬುಪ್ರೊಫೆನ್ ಕೂಡ ಅಪಾಯ. ಸೆಲಿಕಾಕ್ಸಿಬ್ ಸಾಮಾನ್ಯವಾಗಿ ಒಗ್ಗುತ್ತದೆ, ಆದರೂ ಮೊದಲ ಮಾತ್ರೆ ವೈದ್ಯರ ಎದುರಿನಲ್ಲೇ ಆಗಲಿ.

ಆಸ್ಪಿರಿನ್ ಏಕೆ ಬೇರೆ ಲೆಕ್ಕ

ಉಳಿದ ಮಾತ್ರೆಗಳು ಕಿಣ್ವದೊಳಗೆ ಕೂತು, ರಕ್ತದಲ್ಲಿ ಪ್ರಮಾಣ ಇಳಿದಂತೆ ಎದ್ದು ಹೋಗುತ್ತವೆ. ಆಸ್ಪಿರಿನ್ ಮಾತ್ರ ಕಾಲುವೆಯೊಳಗಿನ ಸೆರಿನ್ ಎಂಬ ಒಂದು ಅಮೈನೊ ಆಮ್ಲಕ್ಕೆ ತನ್ನ ಅಸಿಟೈಲ್ ಗುಂಪನ್ನು ಅಂಟಿಸಿಬಿಡುತ್ತದೆ. ರಕ್ತದಲ್ಲಿ ಆಸ್ಪಿರಿನ್‌ನ ಅರ್ಧಾಯುಷ್ಯ 15ರಿಂದ 20 ನಿಮಿಷ, ಆದರೂ ಅದು ಅಂಟಿಸಿದ್ದು ಮತ್ತೆ ಬಿಡುವುದಿಲ್ಲ. ಬೇರೆ ಜೀವಕೋಶವಾದರೆ ಹೊಸ ಕಿಣ್ವ ತಯಾರಿಸಿಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ. ಅದು ಸಾಯುವ 7ರಿಂದ 10 ದಿನದವರೆಗೂ ಹಾಗೆಯೇ ಉಳಿಯುತ್ತದೆ. ದಿನಕ್ಕೆ 75ರಿಂದ 100 ಮಿ.ಗ್ರಾಂ ಸಾಕಾಗುವುದು ಇದರಿಂದಲೇ. ಇಷ್ಟು ಸಣ್ಣ ಪ್ರಮಾಣ ಕಾಕ್ಸ್-2ನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ, ನೋವಿಗೂ ಆಗುವುದಿಲ್ಲ.

ಪದೇ ಪದೇ ಆಗುವ ಎಡವಟ್ಟು ಇಲ್ಲಿದೆ. ಬೆಳಗ್ಗೆ ಎದ್ದು ಐಬುಪ್ರೊಫೆನ್, ಅರ್ಧ ಗಂಟೆ ಬಿಟ್ಟು ಹೃದಯದ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಐಬುಪ್ರೊಫೆನ್ ಆಗಲೇ ಕಾಕ್ಸ್-1ರ ಕಾಲುವೆ ತುಂಬಿಕೊಂಡಿರುತ್ತದೆ. ಆಸ್ಪಿರಿನ್‌ಗೆ ಸೆರಿನ್ ಸಿಗುವುದಿಲ್ಲ. ಐಬುಪ್ರೊಫೆನ್ ಎದ್ದು ಹೋಗುವ ಹೊತ್ತಿಗೆ ಆಸ್ಪಿರಿನ್ ರಕ್ತದಿಂದ ಮಾಯವಾಗಿರುತ್ತದೆ. ಎರಡೂ ಮಾತ್ರೆ ನುಂಗಿದ್ದರೂ ಹೃದಯಕ್ಕೆ ರಕ್ಷಣೆ ಇಲ್ಲ. ಕ್ರಮ ಹೀಗಿರಲಿ: ಸಾದಾ ಆಸ್ಪಿರಿನ್ ಮೊದಲು, ಕನಿಷ್ಠ 30 ನಿಮಿಷ ಬಿಟ್ಟು ಐಬುಪ್ರೊಫೆನ್, ಅಥವಾ ಐಬುಪ್ರೊಫೆನ್ ತೆಗೆದುಕೊಂಡು 8 ಗಂಟೆ ಕಳೆದ ಮೇಲೆ ಆಸ್ಪಿರಿನ್. ಕರುಳಿನಲ್ಲಿ ಕರಗುವ ಹೊದಿಕೆಯ ಆಸ್ಪಿರಿನ್‌ಗೆ ಈ 30 ನಿಮಿಷದ ಲೆಕ್ಕ ಹೊಂದುವುದಿಲ್ಲ, ಅದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ನ್ಯಾಪ್ರೊಕ್ಸೆನ್ ಕೂಡ ಹೀಗೇ ಅಡ್ಡ ಬರಬಲ್ಲದು. ಸೆಲಿಕಾಕ್ಸಿಬ್ ಅಷ್ಟಾಗಿ ಅಡ್ಡ ಬರುವುದಿಲ್ಲ, ಆದರೆ ಆಸ್ಪಿರಿನ್ ಜೊತೆಗೆ ತೆಗೆದುಕೊಂಡರೆ ಹೊಟ್ಟೆಗೆ ಅದರಿಂದಿದ್ದ ಲಾಭ ಬಹುಪಾಲು ಕೈಬಿಟ್ಟುಹೋಗುತ್ತದೆ. ಕಾರಣ ಸರಳ, ಕಾಕ್ಸ್-1ನ್ನು ಆಸ್ಪಿರಿನ್ ತಡೆದಾಗಿದೆ.

ಕ್ಯಾನ್ಸರ್‌ನಲ್ಲಿ ಈ ಎರಡರ ಪಾತ್ರ

1994ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮಾದರಿಗಳನ್ನು ಪರೀಕ್ಷಿಸಿದಾಗ ಸುಮಾರು 85 ಪ್ರತಿಶತ ಗೆಡ್ಡೆಗಳಲ್ಲಿ ಕಾಕ್ಸ್-2 ಹೆಚ್ಚಾಗಿತ್ತು, ಪಾಲಿಪ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ. 1996ರಲ್ಲಿ, ಎಪಿಸಿ ಜೀನ್ ಕೆಟ್ಟು ಕರುಳೆಲ್ಲ ಪಾಲಿಪ್ ಬೆಳೆಯುವ ಇಲಿಗಳಲ್ಲಿ ಕಾಕ್ಸ್-2 ಜೀನನ್ನೇ ತೆಗೆದುಹಾಕಿದಾಗ ಪಾಲಿಪ್‌ಗಳ ಸಂಖ್ಯೆಯೂ ಗಾತ್ರವೂ ಕುಸಿದವು. ಗೆಡ್ಡೆಯಲ್ಲಿ ಕಾಕ್ಸ್-2 ತಯಾರಿಸುವ ಇ2, ಕೋಶದ ಮೇಲಿರುವ ಇಪಿ2 ಮತ್ತು ಇಪಿ4 ಎಂಬ ಗ್ರಾಹಿಗಳ ಮೂಲಕ ಕೋಶಗಳನ್ನು ವಿಭಜನೆಗೆ ತಳ್ಳುತ್ತದೆ, ಹೊಸ ರಕ್ತನಾಳ ಬೆಳೆಸುತ್ತದೆ, ರೋಗನಿರೋಧಕ ಕೋಶಗಳನ್ನು ಸುಮ್ಮನಾಗಿಸುತ್ತದೆ. ಅದರ ಮೇಲೆ ಇ2ವನ್ನು ಒಡೆದುಹಾಕಬೇಕಾದ 15-ಪಿಜಿಡಿಎಚ್ ಎಂಬ ಇನ್ನೊಂದು ಕಿಣ್ವ ಬಹಳಷ್ಟು ಕರುಳಿನ ಗೆಡ್ಡೆಗಳಲ್ಲಿ ಕಾಣೆಯಾಗಿರುತ್ತದೆ. ತಯಾರಿಕೆ ಹೆಚ್ಚು, ವಿಲೇವಾರಿ ಇಲ್ಲ.

ಇಷ್ಟು ಕೇಳಿದರೆ ಕಾಕ್ಸ್-2 ಮಾತ್ರೆಯೇ ಉತ್ತರ ಅನಿಸುತ್ತದೆ. ಆದರೆ ಮನುಷ್ಯರಲ್ಲಿ ಹೆಚ್ಚು ಬಾಳಿದ ಲಾಭ ಬಂದದ್ದು ಆಸ್ಪಿರಿನ್‌ನಿಂದ, ಅದರಲ್ಲೂ ಸಣ್ಣ ಪ್ರಮಾಣದಿಂದಲೂ. ಅಂದರೆ ಪ್ಲೇಟ್‌ಲೆಟ್‌ನ ಕಾಕ್ಸ್-1ಕ್ಕೂ ಇದರಲ್ಲಿ ಕೈಯಿದೆ. 2025ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದು ಪ್ಲೇಟ್‌ಲೆಟ್‌ನಿಂದ ಬರುವ ಥ್ರೊಂಬಾಕ್ಸೇನ್ ಟಿ-ಕೋಶಗಳನ್ನು ಕುಗ್ಗಿಸುತ್ತದೆ, ಆಸ್ಪಿರಿನ್ ಆ ಹಿಡಿತ ಸಡಿಲಿಸಿ ಕ್ಯಾನ್ಸರ್ ಹರಡುವುದನ್ನು ಕಡಿಮೆ ಮಾಡುತ್ತದೆ ಎಂದು ತೋರಿಸಿತು. ಇದು ಇಲಿಗಳಲ್ಲಿ ಕಂಡದ್ದು ಎಂಬುದನ್ನು ಮರೆಯಬಾರದು.

ಈಗ ಯಾರಿಗೆ ಏನು ಎಂಬ ಪ್ರಶ್ನೆ.

ಯಾವ ವಿಶೇಷ ಅಪಾಯವೂ ಇಲ್ಲದವರು ಕ್ಯಾನ್ಸರ್ ತಡೆಯಲೆಂದೇ ಆಸ್ಪಿರಿನ್ ಶುರುಮಾಡುವುದು ಬೇಡ. 2018ರ ಆಸ್ಪ್ರೀ ಅಧ್ಯಯನದಲ್ಲಿ 19,114 ಹಿರಿಯರಿಗೆ, ಬಹುತೇಕ 70 ದಾಟಿದವರಿಗೆ, ದಿನಕ್ಕೆ 100 ಮಿ.ಗ್ರಾಂ ಆಸ್ಪಿರಿನ್ ಅಥವಾ ಪ್ಲಸೀಬೊ ಕೊಟ್ಟರು. ದೊಡ್ಡ ರಕ್ತಸ್ರಾವ ಹೆಚ್ಚಿತು. ಕ್ಯಾನ್ಸರ್‌ನಿಂದ ಸತ್ತವರು ಆಸ್ಪಿರಿನ್ ಗುಂಪಿನಲ್ಲಿ 3.1 ಪ್ರತಿಶತ, ಇನ್ನೊಂದರಲ್ಲಿ 2.3. 60 ದಾಟಿದವರು ಹೃದಯದ ಮುನ್ನೆಚ್ಚರಿಕೆಗೆಂದು ಹೊಸದಾಗಿ ಆಸ್ಪಿರಿನ್ ಶುರುಮಾಡಬಾರದು ಎಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಹೇಳಿತು. ಹೃದಯಾಘಾತವಾಗಿಯೋ ಸ್ಟೆಂಟ್ ಹಾಕಿಸಿಕೊಂಡೋ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಇದನ್ನು ಓದಿ ನಿಲ್ಲಿಸಬಾರದು.

ಲಿಂಚ್ ಸಿಂಡ್ರೋಮ್ ಇರುವ ಕುಟುಂಬದವರ ಲೆಕ್ಕ ಪೂರ್ತಿ ಬೇರೆ. ಡಿಎನ್‌ಎ ತಪ್ಪು ತಿದ್ದುವ ಜೀನ್ ಹುಟ್ಟಿನಿಂದಲೇ ಕೆಟ್ಟು ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚಿರುವ ಇವರಲ್ಲಿ ಕಾಪ್2 ಅಧ್ಯಯನ 861 ಜನರಿಗೆ ದಿನಕ್ಕೆ 600 ಮಿ.ಗ್ರಾಂ ಆಸ್ಪಿರಿನ್ ಅಥವಾ ಪ್ಲಸೀಬೊವನ್ನು ಎರಡು ವರ್ಷಕ್ಕೂ ಹೆಚ್ಚು ಕೊಟ್ಟು, ಹತ್ತು ವರ್ಷ ಮತ್ತು ಅದರಾಚೆಗೂ ಅವರ ಜಾಡು ಹಿಡಿದು ನೋಡಿತು. ಕರುಳಿನ ಕ್ಯಾನ್ಸರ್ ಬಂದದ್ದು ಆಸ್ಪಿರಿನ್ ಗುಂಪಿನಲ್ಲಿ 9, ಪ್ಲಸೀಬೊ ಗುಂಪಿನಲ್ಲಿ 13 ಪ್ರತಿಶತ. ಲಾಭ ಕಾಣಿಸಿಕೊಳ್ಳಲು ವರ್ಷಗಳೇ ಬೇಕಾದವು, ಆದ್ದರಿಂದ ಆರು ತಿಂಗಳು ತೆಗೆದುಕೊಂಡು ಬಿಡುವವರಿಗೆ ಇದರಿಂದ ಏನೂ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ಇವರಿಗೆ ಎರಡು ವರ್ಷಕ್ಕೂ ಮಿಕ್ಕಿ ದಿನಾ ಆಸ್ಪಿರಿನ್ ಪರಿಗಣಿಸಬಹುದೆಂದಿತು. ರೂಢಿಯಲ್ಲಿರುವುದು 150 ಅಥವಾ 300 ಮಿ.ಗ್ರಾಂ. ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಕೊಲೊನೊಸ್ಕೋಪಿ ಮಾತ್ರ ತಪ್ಪಿಸುವಂತಿಲ್ಲ, ಆಸ್ಪಿರಿನ್ ಅದರ ಬದಲಿಯಲ್ಲ.

ಎಪಿಸಿ ಜೀನ್ ಕೆಟ್ಟು ನೂರಾರು ಪಾಲಿಪ್ ಬರುವ ಎಫ್‌ಎಪಿ ಕಾಯಿಲೆಯಲ್ಲಿ ಹಳೆಯ ನೋವಿನ ಮಾತ್ರೆ ಸುಲಿಂಡಾಕ್ 150 ಮಿ.ಗ್ರಾಂ ದಿನಕ್ಕೆರಡು ಕೊಟ್ಟಾಗ ಪಾಲಿಪ್ ಅರ್ಧಕ್ಕಿಂತ ಕಡಿಮೆಯಾದದ್ದು 1993ರಲ್ಲಿ ವರದಿಯಾಯಿತು. ನಿಲ್ಲಿಸಿದ ಮೇಲೆ ಮತ್ತೆ ಹೆಚ್ಚಿದವು. ಸೆಲಿಕಾಕ್ಸಿಬ್ 400 ಮಿ.ಗ್ರಾಂ ದಿನಕ್ಕೆರಡು ಆರು ತಿಂಗಳು ಕೊಟ್ಟಾಗ 28 ಪ್ರತಿಶತ ಇಳಿಕೆ. ಇವು ಶಸ್ತ್ರಚಿಕಿತ್ಸೆಯನ್ನು ಮುಂದೂಡಲು, ಉಳಿಸಿಕೊಂಡ ಗುದನಾಳದ ಪಾಲಿಪ್ ಹತೋಟಿಗೆ ನೆರವಾಗಬಹುದು, ಶಸ್ತ್ರಚಿಕಿತ್ಸೆಯನ್ನೇ ತಪ್ಪಿಸಲಾರವು.

ಒಮ್ಮೆ ಪಾಲಿಪ್ ತೆಗೆಸಿಕೊಂಡ ಸಾಮಾನ್ಯ ಜನರಲ್ಲಿ ಸೆಲಿಕಾಕ್ಸಿಬ್ ಪಾಲಿಪ್ ಮರುಕಳಿಸುವುದನ್ನು ನಿಜಕ್ಕೂ ತಡೆಯಿತು: 200 ಮಿ.ಗ್ರಾಂ ದಿನಕ್ಕೆರಡರಲ್ಲಿ 33, 400 ದಿನಕ್ಕೆರಡರಲ್ಲಿ 45 ಪ್ರತಿಶತ ಇಳಿಕೆ. ಹೃದಯದ ಗಂಭೀರ ಘಟನೆಗಳು ಮಾತ್ರ ಪ್ಲಸೀಬೊದ 1 ಪ್ರತಿಶತದಿಂದ 2.3ಕ್ಕೆ, 3.4ಕ್ಕೆ ಏರಿದವು. ಕೊಲೊನೊಸ್ಕೋಪಿಯಲ್ಲಿ ಕತ್ತರಿಸಿ ತೆಗೆಯಬಹುದಾದ ಪಾಲಿಪ್‌ಗಾಗಿ ಈ ಬೆಲೆ ತೆರುವುದು ಸರಿಯಲ್ಲ. ಹೆಚ್ಚಿನ ವೈದ್ಯರ ತೀರ್ಮಾನವೂ ಇದೇ.

ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದವರಿಗೆ ಇತ್ತೀಚಿನ ದೊಡ್ಡ ಸುದ್ದಿ ನಾರ್ಡಿಕ್ ದೇಶಗಳ ಅಲಾಸ್ಕಾ ಅಧ್ಯಯನ, ಪ್ರಕಟವಾದದ್ದು 2025ರಲ್ಲಿ. ಅಲ್ಲಿ ಗೆಡ್ಡೆಯ ಜೀನ್ ಪರೀಕ್ಷೆ ಮಾಡಿ, ಪಿಐಕೆ3ಸಿಎ ಜೀನ್‌ನಲ್ಲಿ ಅಥವಾ ಅದೇ ಸರಣಿಯ ಪಿಐಕೆ3ಆರ್1, ಪಿಟೆನ್ ಜೀನ್‌ಗಳಲ್ಲಿ ಬದಲಾವಣೆ ಇದ್ದ 626 ಜನರನ್ನಷ್ಟೇ ಆರಿಸಿಕೊಂಡರು. ಮೂರು ವರ್ಷ ದಿನಕ್ಕೆ 160 ಮಿ.ಗ್ರಾಂ ಆಸ್ಪಿರಿನ್. ಪಿಐಕೆ3ಸಿಎ ಜೀನ್‌ನ 9 ಅಥವಾ 20ನೇ ಎಕ್ಸಾನ್‌ನಲ್ಲಿ (ಜೀನ್‌ನ ಒಂದು ತುಂಡು) ಬದಲಾವಣೆ ಇದ್ದವರಲ್ಲಿ ಮೂರು ವರ್ಷದೊಳಗೆ ಕ್ಯಾನ್ಸರ್ ಮರಳಿದ್ದು 7.7 ಪ್ರತಿಶತ, ಪ್ಲಸೀಬೊದಲ್ಲಿ 14.1, ಉಳಿದ ಬದಲಾವಣೆಗಳ ಗುಂಪಿನಲ್ಲಿ 7.7 ಮತ್ತು 16.8. ಪರೀಕ್ಷಿಸಿದ ಗೆಡ್ಡೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಇಂಥವೇ ಆಗಿದ್ದವು. ತೀವ್ರ ಅಡ್ಡಪರಿಣಾಮ ಆಸ್ಪಿರಿನ್ ಗುಂಪಿನಲ್ಲಿ 16.8, ಇನ್ನೊಂದರಲ್ಲಿ 11.6 ಪ್ರತಿಶತ. ಇದನ್ನು ಮೂರನೇ ಹಂತದ ಕರುಳಿನ ಕ್ಯಾನ್ಸರ್‌ನಲ್ಲಿ, ಯಾವ ಜೀನ್ ಎಂದು ಆರಿಸದೆ, ಕೀಮೋ ಜೊತೆಗೆ ಮೂರು ವರ್ಷ ದಿನಕ್ಕೆ 400 ಮಿ.ಗ್ರಾಂ ಸೆಲಿಕಾಕ್ಸಿಬ್ ಕೊಟ್ಟು 2,526 ರೋಗಿಗಳಲ್ಲಿ ನಡೆಸಿದ ಅಧ್ಯಯನದ ಪಕ್ಕದಲ್ಲಿಟ್ಟು ನೋಡಿ: ಅಲ್ಲಿ ಸ್ಪಷ್ಟ ಲಾಭ ಸಿಗಲಿಲ್ಲ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಲ್ಲೂ ದಿನಕ್ಕೆ 300 ಮಿ.ಗ್ರಾಂ ಆಸ್ಪಿರಿನ್ ಮರುಕಳಿಕೆಯನ್ನು ತಡೆಯಲಿಲ್ಲ. ಒಂದು ಅಂಗದ ಫಲಿತಾಂಶವನ್ನು ಇನ್ನೊಂದಕ್ಕೆ ಹೊಂದಿಸಿಕೊಳ್ಳುವಂತಿಲ್ಲ.

ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗ ನೋವಿನ ಮಾತ್ರೆ

ಇಲ್ಲಿ ಸಾಮಾನ್ಯ ನಿಯಮಗಳು ಸಾಲವು. ಕೀಮೋ ನಂತರ ಬಿಳಿ ರಕ್ತಕಣ ಕಡಿಮೆಯಿರುವ ದಿನಗಳಲ್ಲಿ ಜ್ವರವೊಂದೇ ಸೋಂಕಿನ ಮೊದಲ ಸುಳಿವಾಗಿರಬಹುದು. ಪ್ಯಾರಸಿಟಮಾಲ್, ಐಬುಪ್ರೊಫೆನ್ ಎರಡೂ ಅದನ್ನು ಮುಚ್ಚಿಹಾಕುತ್ತವೆ. ಮಾತ್ರೆ ನುಂಗುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ. 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿದ್ದರೆ ಬೆಳಗಾಗಲೆಂದು ಕಾಯದೆ ಚಿಕಿತ್ಸೆ ಕೊಡುತ್ತಿರುವ ತಂಡಕ್ಕೆ ಫೋನ್ ಮಾಡಿ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದಾಗ ಕಾಕ್ಸ್-1 ತಡೆಯುವ ಮಾತ್ರೆಗಳನ್ನು ಸಾಮಾನ್ಯವಾಗಿ ದೂರವಿಡುತ್ತಾರೆ, ಇರುವ ಅಷ್ಟಿಷ್ಟು ಪ್ಲೇಟ್‌ಲೆಟ್ ಕೂಡ ಕೆಲಸ ಮಾಡದಂತಾಗುತ್ತದೆ. ಕೀಮೋ ಔಷಧಿಗಳಲ್ಲಿ ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಮೊದಲೇ ಭಾರ. ಹೆಚ್ಚು ಪ್ರಮಾಣದ ಮೆಥೊಟ್ರೆಕ್ಸೇಟ್ ಜೊತೆಗೆ ಈ ಗುಂಪಿನ ಮಾತ್ರೆ ಸೇರಿದರೆ ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದು ತಡವಾಗಿ ಪ್ರಾಣಕ್ಕೇ ಅಪಾಯ. ಪೆಮೆಟ್ರೆಕ್ಸೆಡ್ ಪಡೆಯುವವರ ಮೂತ್ರಪಿಂಡ ಸ್ವಲ್ಪ ದುರ್ಬಲವಿದ್ದರೆ ಔಷಧಿಯ ಹಿಂದಿನ 2 ದಿನ, ಆ ದಿನ, ನಂತರದ 2 ದಿನ ಐಬುಪ್ರೊಫೆನ್ ಬಿಡಬೇಕು. ಮೂಳೆಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೊಮಾದಲ್ಲಿ ಮೂಳೆನೋವು ಎಷ್ಟೇ ಇರಲಿ ಇವು ಬೇಡ. ಆ ಕಾಯಿಲೆಯೇ ಮೂತ್ರಪಿಂಡವನ್ನು ಕೆಡಿಸುತ್ತಿರುತ್ತದೆ.

ಶಸ್ತ್ರಚಿಕಿತ್ಸೆ ಗೊತ್ತಾದಾಗ ಐಬುಪ್ರೊಫೆನ್ ಒಂದು ದಿನ ಮೊದಲು, ನ್ಯಾಪ್ರೊಕ್ಸೆನ್ ಮೂರು ನಾಲ್ಕು ದಿನ ಮೊದಲು, ಆಸ್ಪಿರಿನ್ ಸುಮಾರು 7 ದಿನ ಮೊದಲು ನಿಲ್ಲಿಸಬೇಕು ಎಂಬುದು ಅವು ಪ್ಲೇಟ್‌ಲೆಟ್‌ನಲ್ಲಿ ಉಳಿಯುವ ಅವಧಿಯಿಂದ ಬಂದ ಲೆಕ್ಕ. ಸ್ಟೆಂಟ್ ಇರುವವರು ಆಸ್ಪಿರಿನ್ ನಿಲ್ಲಿಸುವುದನ್ನು ಹೃದಯದ ವೈದ್ಯರೇ ಹೇಳಬೇಕು. ಡಾಂಬರಿನಂತೆ ಕಪ್ಪಗಿನ ಮಲ, ಕಾಫಿ ಪುಡಿಯಂಥ ವಾಂತಿ, ಇದ್ದಕ್ಕಿದ್ದಂತೆ ಮೂತ್ರ ಕಡಿಮೆಯಾಗುವುದು, ಕಾಲೂತ, ಎದೆ ಬಿಗಿತ, ಮುಖ ಅಥವಾ ಕೈ ಒಂದು ಕಡೆ ಜೋಲುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ನೋವಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಹೋಗಬೇಕು.

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಈಚೆಗಷ್ಟೇ ಆಗಿದ್ದರೆ ಗೆಡ್ಡೆಯ ತುಂಡನ್ನು ಕಾಪಿಟ್ಟ ಮೇಣದ ಬ್ಲಾಕ್ ಪ್ಯಾಥಾಲಜಿ ವಿಭಾಗದಲ್ಲಿ ಇರುತ್ತದೆ. ಮುಂದಿನ ಭೇಟಿಯಲ್ಲಿ ಎರಡು ವಿಷಯ ಕೇಳಿ: ಲಿಂಚ್ ಸುಳಿವಿಗಾಗಿ ಎಂಎಂಆರ್ (ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ) ಪರೀಕ್ಷೆ ಆಗಿದೆಯೇ, ಪಿಐಕೆ3ಸಿಎ ಪರೀಕ್ಷೆ ಮಾಡಿಸಬಹುದೇ. ಅಲಾಸ್ಕಾ ಅಧ್ಯಯನದಲ್ಲಿ ಆಸ್ಪಿರಿನ್ ಶುರುವಾದದ್ದು ಶಸ್ತ್ರಚಿಕಿತ್ಸೆಯ ಮೂರು ತಿಂಗಳೊಳಗೆ. ಆದ್ದರಿಂದ ಈ ಪ್ರಶ್ನೆಯನ್ನು ಕೀಮೋ ಮುಗಿಯುವವರೆಗೆ ಮುಂದೂಡದೆ, ಮೊದಲ ಪ್ಯಾಥಾಲಜಿ ವರದಿ ಕೈಗೆ ಬಂದಾಗಲೇ ಎತ್ತಬೇಕು.